ಅನಾವೃಷ್ಟಿ, ಅಂತಃಕಲಹ, ದೇಶಾಂತರ: ಸೋಮಾಲಿಯಾದ ನಿದರ್ಶನ

ಮಳೆ ತಪ್ಪಿದ ಸೀಮೆಯಿಂದ ಜನರು ಗುಳೆ ಹೋಗುವುದು ಲೋಕವಿದಿತವಾದ ಸಂಗತಿ. ಆದರೆ ಅವರು ಸ್ವದೇಶದ ಗಡಿಯನ್ನೇ ದಾಟುವುದಕ್ಕೆ ಅನಾವೃಷ್ಟಿಯೊಂದೇ ಸಾಕೆ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಪೂರ್ವ ಆಫ್ರಿಕಾದ ಸೋಮಾಲಿಯಾದ ವೃತ್ತಾಂತವು ಇದಕ್ಕೆ ಉತ್ತರವನ್ನೀಯುವುದು.

ಆ ದೇಶದಲ್ಲಿ ವರ್ಷಕ್ಕೆರಡು ಮಳೆಗಾಲಗಳು: ಏಪ್ರಿಲಿನಿಂದ ಜೂನಿನವರೆಗೆ 'ಗು', ಅಕ್ಟೋಬರಿನಿಂದ ಡಿಸೆಂಬರಿನವರೆಗೆ 'ದೈರ್'. ಒಂಟೆ, ಕುರಿ, ಆಡುಗಳನ್ನು ಸಾಕುವವರು ಮಳೆಯನ್ನನುಸರಿಸಿ ಮೇವಿದ್ದಲ್ಲಿಗೆ ಸಾಗುವರು. ಸಂಚಾರವೇ ಅವರಿಗೆ ಬರದಿಂದ ಪಾರಾಗುವ ಉಪಾಯ. ೨೦೧೦ರ ದೈರ್ ಮಳೆಯೂ ೨೦೧೧ರ ಗು ಮಳೆಯೂ ಒಂದಾದಮೇಲೊಂದು ತಪ್ಪಿದುವು. ನೆರೆಯ ಇಥಿಯೋಪಿಯಾ, ಕೀನ್ಯಾಗಳಲ್ಲಿಯೂ ಬರವು ಕಠೋರವಾಗಿತ್ತು. ಆದರೂ ೨೦೧೧ರ ಜುಲೈ ೨೦ರಂದು ವಿಶ್ವಸಂಸ್ಥೆಯು ಕ್ಷಾಮವನ್ನು ಸಾರಿದುದು ದಕ್ಷಿಣ ಸೋಮಾಲಿಯಾದ ಎರಡು ಪ್ರಾಂತಗಳಲ್ಲಿ ಮಾತ್ರ.

ಈ ಭೇದಕ್ಕೆ ಮುಖ್ಯ ಕಾರಣವು ಕಲಹ. ೧೯೯೧ರಲ್ಲಿ ಸಿಯಾದ್ ಬರ್ರೆಯ ಪ್ರಭುತ್ವವು ಉರುಳಿದಂದಿನಿಂದ ಅಲ್ಲಿ ಸ್ಥಿರವಾದ ಆಡಳಿತವಿರಲಿಲ್ಲ. ದಕ್ಷಿಣದ ಬಹುಭಾಗವನ್ನು ಹಿಡಿದಿದ್ದ ಅಲ್-ಶಬಾಬ್ ಪಂಗಡವು ೨೦೧೦ರಲ್ಲಿ ವಿಶ್ವ ಆಹಾರ ಕಾರ್ಯಕ್ರಮವನ್ನು ನಿಷೇಧಿಸಿತು. ನೆರವು ಆ ಪಂಗಡದ ಕೈ ಸೇರೀತೆಂದು ಅಮೆರಿಕವು ವಿಧಿಸಿದ್ದ ನಿರ್ಬಂಧಗಳೂ ಅಡ್ಡಿಯಾದುವು. ನೆರೆಯ ದೇಶಗಳಲ್ಲಿ ಧಾನ್ಯವು ಹಸಿದವರ ಬಳಿಗೆ ಹೋಗಬಹುದಾಗಿತ್ತು. ಇಲ್ಲಿ ಹಸಿದವರೇ ಧಾನ್ಯವಿದ್ದೆಡೆಗೆ ಹೋಗಬೇಕಾಯಿತು. ಕೀನ್ಯಾದ ದಾದಾಬಿನಲ್ಲಿ ೯೦ ಸಾವಿರ ಜನರಿಗೆಂದು ಏರ್ಪಟ್ಟಿದ್ದ ಶಿಬಿರಗಳಲ್ಲಿ ೨೦೧೧ರ ಕೊನೆಗೆ ೪ ಲಕ್ಷಕ್ಕೂ ಮಿಕ್ಕ ಜನರಿದ್ದರು. ಕ್ಷಾಮದಿಂದ ಮಡಿದವರು ಸುಮಾರು ೨,೫೮,೦೦೦ ಮಂದಿಯೆಂದೂ, ಅವರಲ್ಲಿ ಅರ್ಧದಷ್ಟು ಐದು ವರ್ಷ ತುಂಬದ ಶಿಶುಗಳೆಂದೂ ೨೦೧೩ರಲ್ಲಿ ಪ್ರಕಟವಾದ ಗಣನೆಯಿಂದ ತಿಳಿದುಬರುತ್ತದೆ.

ಹೀಗೆ ಎರಡು ಕಾರಣಗಳು ಹೆಣೆದುಕೊಂಡಿರಲು, ಧರ್ಮಶಾಸನವು ಒಂದನ್ನೇ ಕಾಣುತ್ತದೆ. ೧೯೫೧ರ ನಿರಾಶ್ರಿತರ ಒಡಂಬಡಿಕೆಯು ಜನಾಂಗ, ಮತ, ರಾಷ್ಟ್ರೀಯತೆ, ಸಾಮಾಜಿಕ ವರ್ಗ, ರಾಜಕೀಯಾಭಿಪ್ರಾಯ ಇವುಗಳ ನಿಮಿತ್ತ ಹಿಂಸೆಗೆ ಅಂಜಿದವರನ್ನು ಹೆಸರಿಸುವುದು. ಬರಕ್ಕೆ ಅಲ್ಲಿ ಎಡೆಯಿಲ್ಲ. ೧೯೬೯ರ ಆಫ್ರಿಕಾದ ಒಡಂಬಡಿಕೆಯು ಸಾರ್ವಜನಿಕ ಶಾಂತಿಯು ತೀವ್ರವಾಗಿ ಕದಡಿದಾಗ ಓಡಿಬಂದವರನ್ನೂ ಸೇರಿಸಿತು. ಆದರೆ ಇಲ್ಲಿಯೂ ಅನಾವೃಷ್ಟಿಯ ಹೆಸರಿಲ್ಲ.

೨೦೨೦ರ ಕೊನೆಯಿಂದ ಅದೇ ಸೀಮೆಯಲ್ಲಿ ಐದು ಮಳೆಗಾಲಗಳು ಸಾಲಾಗಿ ವಿಫಲವಾದುವು. ಮಾನವಕೃತವಾದ ತಾಪವೃದ್ಧಿಯಿಂದ ಇಂತಹ ಬರದ ಸಂಭವವು ನೂರ್ಮಡಿಯಾದರೂ ಹೆಚ್ಚಿತೆಂದು ವಿಜ್ಞಾನಿಗಳ ಮಂಡಲಿಯೊಂದು ೨೦೨೩ರಲ್ಲಿ ನಿರ್ಣಯಿಸಿತು. ಜನರನ್ನು ಎಬ್ಬಿಸುವುದು ಬರ; ಅವರನ್ನು ಗಡಿಯಾಚೆಗೆ ನೂಕುವುದು ಕಲಹ. ಕಲಹಕ್ಕೆ ಮಾತ್ರ ಹೆಸರಿಟ್ಟ ಶಾಸನವು ಬರವು ಹೆಚ್ಚುವ ಕಾಲಕ್ಕೆ ಸಾಲದೆಂಬುದು ಇದರಿಂದ ವಿಶದವಾಗುತ್ತದೆ.