ಮುಳ್ಳು ಮಲಗಿದ ಪಿಕಪ್

ನನ್ನ ತಮ್ಮನ ಮಗನ ಪಿಕಪ್ ಗಾಡಿಗೆ ಇಪ್ಪತ್ತು ವರ್ಷದ ಹತ್ತಿರ ಆಯಿತು. ವಾರಕ್ಕೆ ಎರಡು ಸಲ ನಮ್ಮೂರಿನಿಂದ ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಹೊತ್ತು ಹೋಗುವುದು ಅದೇ. ಈ ವರ್ಷ ಸಂಕ್ರಾಂತಿಯ ನಂತರ ಅದರ ಸ್ಪೀಡೋಮೀಟರ್ ನಿಂತುಹೋಯಿತು. ಮುಳ್ಳು ಸೊನ್ನೆಯ ಮೇಲೆ ಮಲಗಿತು, ಕಿಲೋಮೀಟರ್ ಅಂಕಿ 86,412ರಲ್ಲೇ ಕೂತಿತು.

“ಕೈಗೆ ಅಂದಾಜು ಸಿಕ್ಕಿದೆ ಬಿಡಿ ದೊಡ್ಡಪ್ಪ” ಎಂದು ಹುಡುಗ ಏಳು ತಿಂಗಳು ತಳ್ಳಿದ. ಆಗಸ್ಟ್‌ನಲ್ಲಿ ಒಂದು ಶನಿವಾರ ಶಾಲೆಯ ಮುಂದಿನ ಹಂಪ್ ಹತ್ತಿರ ಸೈಕಲ್ ಹುಡುಗಿಯೊಬ್ಬಳು ಅಡ್ಡ ಬಂದಳು. ಇವನ ಅಂದಾಜಿನಲ್ಲಿ ವೇಗ ಮೂವತ್ತು. ಬ್ರೇಕ್ ಒತ್ತಿದರೂ ಗಾಡಿ ಜಾರಿಕೊಂಡು ಹೋಗಿ, ಸೈಕಲ್ಲಿಗೆ ಒಂದು ಮಾರು ಇರುವಾಗ ನಿಂತಿತು. ಹಿಂದಿದ್ದ ಮೂಟೆಗಳು ಕ್ಯಾಬಿನ್ನಿಗೆ ಬಡಿದವು. ಪಕ್ಕದಲ್ಲಿ ಕೂತಿದ್ದ ಅವನ ತಾಯಿ ಮನೆಗೆ ಬಂದವಳೇ, “ಭಾವ, ಇನ್ನು ನಾನು ಈ ಗಾಡಿ ಹತ್ತಲ್ಲ” ಅಂದಳು.

ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನಿಗೆ ಗಾಡಿಯ ಗೊಡವೆ ಏಕೆ ಎನ್ನಬಹುದು. ಹಳ್ಳಿಯ ಶಾಖೆಯಲ್ಲಿದ್ದಾಗ ಜೀಪಿನ ಚಾಲಕರೊಬ್ಬರು ಮೀಟರ್ ಬಿಚ್ಚಿ ತೋರಿಸಿದ್ದರು. ಆ ಪಾಠ ಈಗಲೂ ನೆನಪಿದೆ.

ಮಕ್ಕಳೇ, ಹಳೆಯ ಗಾಡಿಗಳಲ್ಲಿ ಗೇರ್‌ಬಾಕ್ಸಿನಿಂದ ಮೀಟರಿನವರೆಗೆ ಒಂದು ಕೇಬಲ್ ಇರುತ್ತದೆ. ಹೊರಗೆ ಕೊಳವೆ, ಒಳಗೆ ಉಕ್ಕಿನ ತಂತಿ ಹೊಸೆದ ಹಗ್ಗ. ಗಾಡಿ ಓಡಿದಂತೆ ಆ ಹಗ್ಗ ತಿರುಗುತ್ತದೆ. ಅದರ ತುದಿ ಮೀಟರಿನೊಳಗೆ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತದ ಮೇಲೆ ಅದಕ್ಕೆ ತಾಗದಂತೆ ಅಲ್ಯೂಮಿನಿಯಂ ಬಟ್ಟಲೊಂದಿದೆ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲವಲ್ಲ, ಮತ್ತೆ ಹೇಗೆ? ಅಯಸ್ಕಾಂತ ತಿರುಗುವಾಗ ಬಟ್ಟಲಿನಲ್ಲಿ ಸಣ್ಣ ಸುಳಿಯಂಥ ವಿದ್ಯುತ್ ಹುಟ್ಟಿ, ಬಟ್ಟಲು ಅದರ ಹಿಂದೆ ಹೊರಳಲು ಹೋಗುತ್ತದೆ. ಕೂದಲೆಳೆಯಂಥ ಸ್ಪ್ರಿಂಗ್ ಅದನ್ನು ಹಿಡಿದೆಳೆಯುತ್ತದೆ. ಆ ಜಗ್ಗಾಟದಲ್ಲಿ ಬಟ್ಟಲು ಎಲ್ಲಿ ನಿಲ್ಲುತ್ತದೋ ಅಲ್ಲೇ ಮುಳ್ಳು. 1902ರಲ್ಲಿ ಆಟೋ ಶುಲ್ಸೆ ಎಂಬವರು ಇದಕ್ಕೆ ಪೇಟೆಂಟ್ ಕೇಳಿದರು. ಕಿಲೋಮೀಟರ್ ಅಂಕಿಗಳನ್ನು ಉರುಳಿಸುವುದೂ ಅದೇ ಕೇಬಲ್, ಸಣ್ಣ ಹಲ್ಲಿನ ಚಕ್ರಗಳ ಮೂಲಕ.

ಹಾಗಾಗಿ ಮುಳ್ಳು ಒಂದೇ ನಿಂತು ಅಂಕಿ ಓಡುತ್ತಿದ್ದರೆ ಮೀಟರಿನ ಮೇಲೆ ಅನುಮಾನ. ಎರಡೂ ಒಟ್ಟಿಗೆ ನಿಂತರೆ ಮೊದಲು ನೋಡಬೇಕಾದ್ದು ಕೇಬಲ್, ಆಮೇಲೆ ಗೇರ್‌ಬಾಕ್ಸಿನ ಚಿಕ್ಕ ಹಲ್ಲಿನ ಚಕ್ರ. ನಮ್ಮದರಲ್ಲಿ ಎರಡೂ ನಿಂತಿದ್ದವು. ನಿಲ್ಲುವ ಮೊದಲು ಮುಳ್ಳು ನಡುಗುತ್ತಿತ್ತು, ಡ್ಯಾಶ್‌ಬೋರ್ಡಿನ ಹಿಂದೆ ಕರಕರ ಸದ್ದಿತ್ತು ಎಂದು ಹುಡುಗ ಆಮೇಲೆ ಬಾಯಿಬಿಟ್ಟ.

ಭಾನುವಾರ ಬ್ಯಾಟರಿಯ ವೈರ್ ಬಿಚ್ಚಿ, ಮೀಟರಿನ ಹಿಂದಿನ ನಟ್ಟು ತಿರುಗಿಸಿ, ಒಳಗಿನ ಹಗ್ಗವನ್ನು ಎಳೆದೆವು. ಒಂದೂವರೆ ಮೊಳ ಮಾತ್ರ ಬಂತು, ತುದಿ ಪೊರಕೆಯ ಹಾಗೆ ಬಿಚ್ಚಿಕೊಂಡಿತ್ತು. ಉಳಿದ ತುಂಡನ್ನು ಗೇರ್‌ಬಾಕ್ಸಿನ ಕಡೆಯಿಂದ ಎಳೆದೆವು. ಹುಡುಗ ಪೇಟೆಗೆ ಹೊರಟೇಬಿಟ್ಟ. “ತಡಿ, ಯಾಕೆ ತುಂಡಾಯ್ತು ನೋಡೋಣ” ಎಂದೆ. ಕಾರಣ ಗೊತ್ತಿಲ್ಲದೆ ಹೊಸದು ಹಾಕಿದರೆ ಅದೂ ಅಲ್ಲೇ ಹರಿಯುತ್ತದೆ.

ಹರಿದ ತುಂಡನ್ನು ಕೊಳವೆಯ ಪಕ್ಕ ಹಿಡಿದು ಅಳೆದೆ. ಹರಿದ ಜಾಗಕ್ಕೆ ಸರಿಯಾಗಿ ಕೊಳವೆಯನ್ನು ಯಾರೋ ತಂತಿಯಿಂದ ಬಿಗಿದು ಮಡಚಿ ಕಟ್ಟಿದ್ದರು. ಗಂಟು ನೋಡಿದೆ. ಚೆಕ್ಕಿನ ಕಟ್ಟು ಕಟ್ಟುವ ನನ್ನದೇ ಗಂಟು! ಕಳೆದ ದೀಪಾವಳಿಯಲ್ಲಿ ಜೋತಾಡುತ್ತಿದೆ ಎಂದು ನಾನೇ ಬಿಗಿದಿದ್ದೆ. ಟ್ರಯಲ್ ಬ್ಯಾಲೆನ್ಸ್ ಕೂಡದೆ ರಾತ್ರಿ ಹನ್ನೊಂದರವರೆಗೆ ಹುಡುಕಿ, ಕೊನೆಗೆ ತಪ್ಪು ನಮ್ಮದೇ ಕೈಬರಹದಲ್ಲಿ ಸಿಕ್ಕಿದಂತಾಯಿತು. ಬೈದದ್ದನ್ನೆಲ್ಲ ಹುಡುಗನ ಮುಂದೆ ವಾಪಸು ತೆಗೆದುಕೊಂಡೆ. ಅವನು ನಗಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಎರಡೂ ತುಂಡು ಜೋಡಿಸಿ ಅಳತೆ ಕೊಟ್ಟು ಹೊಸ ಕೇಬಲ್ ತಂದೆವು. ತೆಳುವಾಗಿ ಗ್ರೀಸ್ ಸವರಿದೆವು, ಮೇಲಿನ ಒಂದು ಗೇಣು ಬಿಟ್ಟು. ತಿರುಗುವ ಹಗ್ಗ ಗ್ರೀಸನ್ನು ಮೇಲಕ್ಕೆ ಹತ್ತಿಸುತ್ತದೆ, ಮೀಟರಿನೊಳಗೆ ಹೋದರೆ ಮುಳ್ಳು ಕೆಡುತ್ತದೆ. ಈ ಸಲ ಕೊಳವೆಗೆ ದೊಡ್ಡ ಬಳಸು ಕೊಟ್ಟು ಸಡಿಲವಾಗಿ ಹಿಡಿಸಿದೆವು. ಮೀಟರಿಗೆ ಸೇರಿಸುವ ಮೊದಲು ಗಾಡಿಯನ್ನು ಅಂಗಳದಲ್ಲಿ ನಾಲ್ಕು ಅಡಿ ತಳ್ಳಿದೆವು. “ತಿರುಗ್ತಿದೆ ತಾತ!” ಎಂದು ಒಳಗೆ ಕೂತಿದ್ದ ಮೊಮ್ಮಗ ಕೂಗಿದ. ಅಂದರೆ ಗೇರ್‌ಬಾಕ್ಸಿನ ಚಕ್ರವೂ ಚೆನ್ನಾಗಿದೆ.

ಇನ್ನು ಮುಳ್ಳು ಹೇಳುವುದು ನಿಜವೇ? ಅದಕ್ಕೆ ರಸ್ತೆ ಬದಿಯ ಕಿಲೋಮೀಟರ್ ಕಲ್ಲು ಸಾಕು. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡ್ ಎಂದು ನೋಡಿ, 3,600ನ್ನು ಅದರಿಂದ ಭಾಗಿಸಿ. ಮುಳ್ಳನ್ನು ನಲವತ್ತರಲ್ಲೇ ಹಿಡಿದು ಓಡಿಸಿದರೆ 90 ಸೆಕೆಂಡ್ ಆಗಬೇಕು. ಮೊಮ್ಮಗನ ಗಡಿಯಾರದಲ್ಲಿ 94 ಆಯಿತು, ಅಂದರೆ ನಿಜವಾದ ವೇಗ ಮೂವತ್ತೆಂಟರ ಮೇಲೆ ಸ್ವಲ್ಪ. ಟೈರ್ ಸವೆದು ಚಕ್ರದ ಸುತ್ತಳತೆ ಕಡಿಮೆಯಾದರೆ ಹೀಗೆ ಮುಳ್ಳು ತುಸು ಹೆಚ್ಚು ತೋರಿಸುತ್ತದೆ. ಕಡಿಮೆ ತೋರಿಸುವುದಕ್ಕಿಂತ ವಾಸಿ ಎಂದು ಬಿಟ್ಟೆವು.

ಉಳಿದದ್ದು ನಿಂತುಹೋದ ಅಂಕಿ. ಎಂಜಿನ್ ಆಯಿಲ್ ಬದಲಿಸುವ ಲೆಕ್ಕವೂ ಅದರ ಮೇಲೆಯೇ. ನನ್ನ ಡೈರಿ ತೆಗೆದೆ: ತಿಪಟೂರಿಗೆ 58 ಸಲ, ಹೋಗಿಬರಲು 36 ಕಿಲೋಮೀಟರ್, ಒಟ್ಟು 2,088. ಮದುವೆ, ಜಾತ್ರೆ, ಹಾಸನ ಸೇರಿ ಇನ್ನೊಂದು 352. “2,440 ಕಿ.ಮೀ. ಮೀಟರಿನಲ್ಲಿ ಇಲ್ಲ” ಎಂದು ಚೀಟಿ ಬರೆದು ಆರ್.ಸಿ. ಜೊತೆ ಇಟ್ಟೆ. “ಮಾರುವಾಗ ಇದನ್ನೂ ತೋರಿಸಬೇಕಾ ದೊಡ್ಡಪ್ಪ?” ಎಂದ. ಕೆಳಗೆ ತಾರೀಖು ಹಾಕಿ ಸಹಿ ಮಾಡಿ ಕೊಟ್ಟೆ.

ಬುಧವಾರ ಅವನ ತಾಯಿ ಮುಂದಿನ ಸೀಟಿನಲ್ಲಿ ಕೂತಳು. ಶಾಲೆ ದಾಟುವವರೆಗೂ ರಸ್ತೆ ನೋಡಲಿಲ್ಲವಂತೆ, ಮುಳ್ಳನ್ನೇ ನೋಡುತ್ತಿದ್ದಳಂತೆ.