ಕೆಂಪು ಅಂಟಿನ ಬೀಗಕ್ಕೆ ಬೆಂಕಿಯೇ ಕೀಲಿಕೈ!

ಬಿಗಿ ಮಾಡಿದ ಬೋಲ್ಟು ಮತ್ತೆ ಸಡಿಲ ಆಗೋದು ಯಾಕೆ? ಮೇಸ್ತ್ರಿ ಸರಿಯಾಗಿ ತಿರುಗಿಸಲಿಲ್ಲ ಅಂತ ಬಯ್ಯೋದು ಸುಲಭ. ಪೂರಾ ತಪ್ಪು ಅವನದ್ದೇ ಅಲ್ಲ ಸ್ವಾಮಿ. ಗುಂಡಿ ರಸ್ತೆಯಲ್ಲಿ ಗಾಡಿ ಅದುರಿದಾಗ ಬೋಲ್ಟು ಹಿಡಿದಿರೋ ಭಾಗಗಳು ಕೂದಲೆಳೆಯಷ್ಟು ಅಡ್ಡಕ್ಕೆ ಸರಿಯುತ್ತವೆ. ಆಗ ಹಿಡಿತ ತಪ್ಪಿ ಬೋಲ್ಟು ತಾನಾಗೇ ಹಿಂದಕ್ಕೆ ತಿರುಗುತ್ತೆ. ಜರ್ಮನಿಯ ಯುಂಕರ್ ಎಂಬ ಇಂಜಿನಿಯರು 1969ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ.

ಇದಕ್ಕೆ ಮದ್ದು ಥ್ರೆಡ್‌ಲಾಕರ್ ಎಂಬ ದ್ರವ. ಗ್ಯಾರೇಜಿನವರ ಬಾಯಲ್ಲಿ ‘ಲಾಕ್‌ಟೈಟ್’. ಅದು ಒಂದು ಬ್ರ್ಯಾಂಡಿನ ಹೆಸರು. ಅಮೆರಿಕದ ಟ್ರಿನಿಟಿ ಕಾಲೇಜಿನ ರಸಾಯನಶಾಸ್ತ್ರದ ಪ್ರೊಫೆಸರ್ ವರ್ನನ್ ಕ್ರೀಬಲ್ 1953ರಲ್ಲಿ ಇದನ್ನು ತಯಾರಿಸಿದರು. ಈಗ ಬೇರೆ ಕಂಪನಿಗಳದ್ದೂ ಸಿಗುತ್ತೆ.

ಗಾಳಿ ಇದ್ದರೆ ನೀರು, ಇಲ್ಲದಿದ್ದರೆ ಕಲ್ಲು

ಇದರ ಗುಣ ವಿಚಿತ್ರ. ಗಾಳಿ ತಾಗುವಷ್ಟು ಹೊತ್ತೂ ದ್ರವವಾಗೇ ಇರುತ್ತೆ. ಬೋಲ್ಟು-ನಟ್ಟಿನ ಸಂದಿಯಲ್ಲಿ ಗಾಳಿ ಇಲ್ಲದೆ, ಲೋಹ ತಾಗಿದಾಗ ಗಟ್ಟಿಯಾಗುತ್ತೆ. ಬಾಟಲಿಯನ್ನು ಪೂರ್ತಿ ತುಂಬದೆ ಗಾಳಿಗೆ ಜಾಗ ಬಿಡೋದು ಇದಕ್ಕೇ. ಅರ್ಧ ಬಾಟಲಿ ಕೊಟ್ಟ ಅಂತ ಅಂಗಡಿಯವನ ಮೇಲೆ ರೇಗಬೇಡಿ!

ಬಣ್ಣ ನೋಡಿ, ಬಾಟಲಿದಲ್ಲ

ಎಡವೋದು ಇಲ್ಲೇ. ಲಾಕ್‌ಟೈಟಿನಲ್ಲಿ ನೀಲಿ ದ್ರವವೂ ಕೆಂಪು ಬಾಟಲಿಯಲ್ಲಿ ಬರುತ್ತೆ. ಆದ್ದರಿಂದ ನಂಬರ್ ಓದಿ. ನೇರಳೆ 222 ಸಣ್ಣ ಸ್ಕ್ರೂಗಳಿಗೆ. ನೀಲಿ 243 ಮಧ್ಯಮ ಹಿಡಿತದ್ದು; ಬೇಕಾದಾಗ ಮಾಮೂಲಿ ಸ್ಪ್ಯಾನರಿನಿಂದ ಬಿಚ್ಚಬಹುದು. ಕೆಂಪು 271 ಹಾಕಿದರೆ ಕಾಯಂ. ಹಸಿರು 290 ಆಗಲೇ ಬಿಗಿ ಮಾಡಿರೋ ಬೋಲ್ಟಿನ ಸಂದಿಗೆ ಇಳಿಯುವಂಥದ್ದು. ಬೇರೆ ಕಂಪನಿಯ ಬಣ್ಣ ಹೀಗೇ ಇರಬೇಕೆಂಬ ಕಾನೂನಿಲ್ಲ, ಚೀಟಿ ಓದಲೇಬೇಕು.

‘ಗಟ್ಟಿ ಇರೋದೇ ಕೊಡಿ’ ಅಂತ ಗಿರಾಕಿ ಕೆಂಪು ಒಯ್ಯುತ್ತಾನೆ. ಅದರ ಫಲ ಮುಂದಿನ ರಿಪೇರಿಯಲ್ಲಿ. ಬೋಲ್ಟು ಜಗ್ಗೋದಿಲ್ಲ, ತಲೆ ಮುರಿಯುತ್ತೆ. ಸುಮಾರು 250 ಡಿಗ್ರಿಗೆ ಕಾಯಿಸಿ, ಬಿಸಿ ಇರುವಾಗಲೇ ತಿರುಗಿಸಬೇಕು. ಪಕ್ಕದಲ್ಲೇ ಪೆಟ್ರೋಲ್ ಪೈಪು, ಬ್ರೇಕಿನ ರಬ್ಬರ್ ಹೋಸು ಇದ್ದರೆ? ಐವತ್ತು ರೂಪಾಯಿ ಬೋಲ್ಟಿಗಾಗಿ ಗಾಡಿಯೇ ಹೊತ್ತಿಕೊಂಡೀತು. ಕಂಪನಿಯ ಪುಸ್ತಕ ಕೆಂಪೇ ಬೇಕು ಅಂದ ಕಡೆ ಮಾತ್ರ ಕೆಂಪು. ಮಿಕ್ಕ ಬಹುಪಾಲು ಕೆಲಸಕ್ಕೆ ನೀಲಿ ಸಾಕು.

ಹಚ್ಚುವ ಕ್ರಮ

ಮೊದಲು ಹಳೇ ಅಂಟನ್ನು ತಂತಿ ಬ್ರಷ್‌ನಿಂದ ಉಜ್ಜಿ, ಎಣ್ಣೆ-ಗ್ರೀಸ್ ತೆಗೆದು ಒಣಗಿಸಿ. ನಟ್ಟು ಕೂರುವ ಜಾಗದ ಥ್ರೆಡ್ಡಿಗೆ ಒಂದೆರಡು ಹನಿ. ತಳ ಮುಚ್ಚಿದ ರಂಧ್ರವಾದರೆ ಹನಿ ರಂಧ್ರದೊಳಗೆ ಬೀಳಬೇಕು. ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿ ಮಾಡಿ. ಪೂರ್ತಿ ಬಲ ಬರೋಕೆ 24 ಗಂಟೆ ಬೇಕು. ಹಚ್ಚಿದ ಮೇಲೆ ‘ಇನ್ನೊಂದು ಸುತ್ತು’ ಅಂತ ಮತ್ತೆ ತಿರುಗಿಸಿದರೆ ಹಿಡಿತ ಒಡೆದು ಹೋಗುತ್ತೆ.

ಎಲ್ಲಿ ಬೇಡ?

ಚಕ್ರದ ನಟ್ಟಿಗೆ ಬೇಡ. ಅದಕ್ಕೆ ಸರಿಯಾದ ಬಿಗಿಯೇ ಮದ್ದು. ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಪರೀಕ್ಷಿಸಿ. ಪ್ಲಾಸ್ಟಿಕ್ ಭಾಗಕ್ಕೂ ಬೇಡ. ಕೆಲವು ಪ್ಲಾಸ್ಟಿಕ್ಕು ಇದು ತಾಗಿದರೆ ಬಿರುಕು ಬಿಡುತ್ತೆ. ಇಂಜಿನ್ನಿಂದ ಹೊಗೆ ಹೊರಡುವ ಕಡೆಯ ಕೆಂಡದಂಥ ಬೋಲ್ಟುಗಳಲ್ಲಿ ಮಾಮೂಲಿ ನೀಲಿ ನಿಲ್ಲದು. ಫೆವಿಕ್ವಿಕ್ ಹಾಕಿ ಕೈ ತೊಳೆದುಕೊಳ್ಳೋದೂ ಸಲ್ಲ. ಅದು ಅದುರಾಟ, ಬಿಸಿ ತಡೆಯೋದಿಲ್ಲ.

ಬಸ್ಸಿನಲ್ಲಿ ಓಡಾಡೋ ನಮಗ್ಯಾಕೆ ಈ ಪುರಾಣ ಅಂತೀರಾ? ಮನೆಯಲ್ಲಿ ಸ್ಕೂಟರಿದ್ದರೆ ಅದರಲ್ಲೂ ಬೋಲ್ಟುಗಳಿವೆಯಲ್ಲ! ಗಾಡಿ ರಿಪೇರಿಗೆ ಬಿಟ್ಟಾಗ ‘ಯಾವ ನಂಬರಿನದ್ದು ಹಾಕಿದಿರಿ?’ ಅಂತ ಒಂದು ಮಾತು ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬಿಡಿಭಾಗದ ಅಂಗಡಿಯವರೂ ಅಷ್ಟೆ, ಬಾಟಲಿ ಕೊಡೋ ಮುಂಚೆ ‘ಯಾವ ಬೋಲ್ಟಿಗೆ?’ ಅಂತ ಕೇಳಿಬಿಡಿ. ಬೀಗ ಹಾಕಿದ ಮೇಲೆ ತೆಗೆಯೋಕೂ ಬರಬೇಕಲ್ಲ.