ಲೆಕ್ಕಕ್ಕೇ ಸಿಗದ ಮುಖಗಳು

ಹಲ್ಲುಜ್ಜುವಾಗ ವಸಡಿನಿಂದ ಸ್ವಲ್ಪ ರಕ್ತ ಬಂದರೆ ನಾವೇನು ಮಾಡ್ತೀವಿ? ಕನ್ನಡಿಯಲ್ಲಿ ಒಮ್ಮೆ ನೋಡ್ಕೊಳ್ತೀವಿ. ಬ್ರಷ್ ಬದಲಾಯಿಸಬೇಕು ಅಂದ್ಕೊಳ್ತೀವಿ. ಬಾಯಿ ಮುಕ್ಕಳಿಸಿ ಆಫೀಸಿಗೆ ಹೊರಡ್ತೀವಿ. ತೀರಾ ನೋವಾದರೆ ಡೆಂಟಿಸ್ಟ್ ಹತ್ರ ಒಂದು ಅಪಾಯಿಂಟ್‌ಮೆಂಟ್. ಅಲ್ಲಿಗೆ ಮುಗೀತು.

ಇದೇ ರಕ್ತ ವಾಯವ್ಯ ನೈಜೀರಿಯಾದ ಹಳ್ಳಿಯೊಂದರ ಮೂರು ವರ್ಷದ ಮಗುವಿನ ಬಾಯಲ್ಲಿ ಕಾಣಿಸಿಕೊಂಡಿತು ಅನ್ನಿ. ಆ ಮಗು ಹೊಟ್ಟೆ ತುಂಬ ಉಂಡು ತಿಂಗಳುಗಳಾಗಿವೆ. ಈಗಷ್ಟೇ ದಡಾರದಿಂದ ಎದ್ದಿದೆ. ಹತ್ತಿರದಲ್ಲಿ ಆಸ್ಪತ್ರೆ ಇಲ್ಲ. ಆಗ ಕಥೆಯೇ ಬೇರೆ. ಕೆಲವೇ ದಿನಗಳಲ್ಲಿ ಕೆನ್ನೆ ಊದಿಕೊಳ್ಳುತ್ತದೆ. ಬಾಯಿಂದ ಕೆಟ್ಟ ವಾಸನೆ ಬರುತ್ತದೆ. ಕೆನ್ನೆಯ ಮೇಲೆ ಕಪ್ಪು ಕಲೆ ಮೂಡಿ, ಆ ಭಾಗ ಕೊಳೆತು ಕಳಚಿ ಬೀಳುತ್ತದೆ. ತುಟಿ, ಮೂಗು, ದವಡೆಯ ಮೂಳೆ ಯಾವುದನ್ನೂ ಅದು ಬಿಡುವುದಿಲ್ಲ.

ಈ ಕಾಯಿಲೆಯ ಹೆಸರು ನೋಮಾ. ಗ್ರೀಕ್ ಭಾಷೆಯಲ್ಲಿ ಮೇಯುವುದು, ಕಬಳಿಸುವುದು ಎಂಬರ್ಥದ ಪದದಿಂದ ಬಂದದ್ದು. ಹೆಚ್ಚಾಗಿ 2ರಿಂದ 6 ವರ್ಷದ ಮಕ್ಕಳಿಗೆ ಬರುತ್ತದೆ. ಚಿಕಿತ್ಸೆ ಸಿಗದಿದ್ದರೆ ಹತ್ತರಲ್ಲಿ ಒಂಬತ್ತು ಮಕ್ಕಳು ಸಾಯುತ್ತಾರೆ.

ಹೆಸರೇ ಕೇಳಿಲ್ವಾ? ನೀವೊಬ್ಬರೇ ಅಲ್ಲ ಬಿಡಿ. ಈ ಕಾಯಿಲೆಯ ದೊಡ್ಡ ಸಮಸ್ಯೆಯೇ ಅದು.

ಎಷ್ಟು ಮಕ್ಕಳಿಗೆ ಬರುತ್ತೆ?

ಸುಲಭದ ಪ್ರಶ್ನೆ ಅನ್ನಿಸುತ್ತೆ. ಉತ್ತರ ಮಾತ್ರ ಸುಲಭದ್ದಲ್ಲ.

ಇವತ್ತಿಗೂ ಹೆಚ್ಚಿನವರು ಹೇಳುವ ಅಂಕಿ 1998ರದ್ದು. ವರ್ಷಕ್ಕೆ 1,40,000 ಹೊಸ ಪ್ರಕರಣಗಳು, ಬದುಕುಳಿದು ವಿರೂಪಗೊಂಡ ಮುಖದೊಂದಿಗೆ ಬಾಳುತ್ತಿರುವವರು 7,70,000 ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತ್ತು. ಗಮನಿಸಿ, ಅದು ಅಂದಾಜು, ಎಣಿಕೆ ಅಲ್ಲ. ಆ ವರ್ಷ ಹುಟ್ಟಿದ ಮಕ್ಕಳು ಈಗ ದುಡಿದು ಸಂಸಾರ ನಡೆಸುತ್ತಿದ್ದಾರೆ. ಅಂಕಿ ಮಾತ್ರ ಅಲ್ಲೇ ನಿಂತಿದೆ. ಆಮೇಲೆ ಬಂದ ಇನ್ನೊಂದು ಲೆಕ್ಕಾಚಾರ ಇಡೀ ಜಗತ್ತಿಗೆ ವರ್ಷಕ್ಕೆ 30,000ದಿಂದ 40,000 ಎಂದಿತು. ಎರಡರ ನಡುವಿನ ಅಂತರ ನೋಡಿದರೇ ಗೊತ್ತಾಗುತ್ತೆ, ಯಾರೂ ನಿಜವಾಗಿ ಎಣಿಸಿಲ್ಲ ಅಂತ.

ಯಾಕೆ ಎಣಿಸೋಕಾಗಲ್ಲ?

ಮೊದಲನೆಯದಾಗಿ, ಕಾಯಿಲೆಯ ಓಟ. ವಸಡಿನ ಹುಣ್ಣಿನಿಂದ ಕೆನ್ನೆ ಕೊಳೆಯುವವರೆಗೆ ಎರಡು ವಾರವೂ ಬೇಕಿಲ್ಲ. ಮಗು ಆಸ್ಪತ್ರೆ ತಲುಪುವ ಮೊದಲೇ ಮಣ್ಣು ಸೇರಿರುತ್ತದೆ. ಸಾವು ದಾಖಲಾದರೂ ಕಾರಣದ ಜಾಗದಲ್ಲಿ ಜ್ವರ ಅಂತಲೋ ದಡಾರ ಅಂತಲೋ ಬರೆದಿರಬಹುದು. ಎಷ್ಟೋ ಕಡೆ ಸಾವೇ ದಾಖಲಾಗುವುದಿಲ್ಲ.

ಎರಡನೆಯದು, ಜಾಗ. ರಸ್ತೆ, ಶಾಲೆ, ದವಾಖಾನೆ ಎಲ್ಲ ಮುಗಿದ ಮೇಲೆ ಶುರುವಾಗುವ ಊರುಗಳ ಕಾಯಿಲೆ ಇದು. ಅಲ್ಲಿರುವ ಆರೋಗ್ಯ ಕಾರ್ಯಕರ್ತರಲ್ಲೂ ಅನೇಕರಿಗೆ ನೋಮಾ ಅಂದರೇನು ಅಂತ ಯಾರೂ ಹೇಳಿಕೊಟ್ಟಿಲ್ಲ.

ಮೂರನೆಯದು, ನಾಚಿಕೆ. ದೆವ್ವದ ಕಾಟ, ಶಾಪ ಅಂತ ನಂಬಿ ಮಗುವನ್ನು ಮನೆಯೊಳಗೇ ಬಚ್ಚಿಡುತ್ತಾರೆ. ನಿಜ ಹೇಳಬೇಕೆಂದರೆ ನೋಮಾ ಒಬ್ಬರಿಂದ ಒಬ್ಬರಿಗೆ ಅಂಟುವುದೇ ಇಲ್ಲ. ಆದರೂ ಆ ಮಗುವಿನ ಜೊತೆ ಕೂತು ಉಣ್ಣಲು ಜನ ಹಿಂಜರಿಯುತ್ತಾರೆ. ಕುಷ್ಠದ ಹೆಸರಲ್ಲಿ ನಮ್ಮೂರುಗಳಲ್ಲಿ ನಡೆದದ್ದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೀಗಾಗಿ ನೋಮಾದ ಗುರುತಿರುವ ಒಂದು ಮುಖ ಕಣ್ಣಿಗೆ ಬಿದ್ದರೆ, ಕಾಣದೆ ಹೋದ ಎಷ್ಟೋ ಮಕ್ಕಳು ಅದರ ಹಿಂದಿದ್ದಾರೆ ಅಂತಲೇ ಅರ್ಥ.

ಬಾಯಿ ತೆರೆದು ನೋಡಿದಾಗ

ನೈಜೀರಿಯಾದ ಸೊಕೊಟೊ ಮತ್ತು ಕೆಬ್ಬಿ ರಾಜ್ಯಗಳಲ್ಲಿ ಸಂಶೋಧಕರು ಒಂದು ಸರಳ ಕೆಲಸ ಮಾಡಿದರು. ಮಕ್ಕಳು ಆಸ್ಪತ್ರೆಗೆ ಬರಲಿ ಅಂತ ಕಾಯದೆ ತಾವೇ ಮನೆಮನೆಗೆ ಹೋಗಿ ಬಾಯಿ ಪರೀಕ್ಷಿಸಿದರು. 2020ರಲ್ಲಿ ಪ್ರಕಟವಾದ ಆ ಸಮೀಕ್ಷೆಯ ಪ್ರಕಾರ ನೂರಕ್ಕೆ ಸುಮಾರು ಮೂರು ಮಕ್ಕಳು ನೋಮಾದ ಯಾವುದಾದರೊಂದು ಹಂತದಲ್ಲಿದ್ದರು. ಅವರಲ್ಲಿ ಬಹುಪಾಲು ಮಕ್ಕಳದ್ದು ಬರೀ ವಸಡಿನ ಉರಿಯೂತ. ಅದು ಅಪಾಯದ ಮುನ್ಸೂಚನೆಯ ಹಂತ. ವಸಡು ಊದಿದ ಮಕ್ಕಳೆಲ್ಲರಿಗೂ ಕಾಯಿಲೆ ಮುಂದುವರಿಯುವುದಿಲ್ಲ. ಕೆಲವರಿಗೆ ಮಾತ್ರ ಮುಂದುವರಿಯುತ್ತದೆ.

ಅಂದರೆ ಕಾಯಿಲೆ ತಡೆಯಬಹುದಾದ ಹಂತದಲ್ಲಿ ಕೈಗೆ ಸಿಗುತ್ತದೆ. ಹುಡುಕುವವರು ಬೇಕು, ಅಷ್ಟೆ.

ತಡೆಯೋದು ಹೇಗೆ? ಅಮಾಕ್ಸಿಸಿಲಿನ್, ಮೆಟ್ರೊನಿಡಜೋಲ್ ಥರದ ಆಂಟಿಬಯಾಟಿಕ್‌ಗಳು. ನಮ್ಮ ಬೀದಿಯ ಮೆಡಿಕಲ್ ಶಾಪ್‌ನಲ್ಲೂ ಡಾಕ್ಟರ್ ಚೀಟಿ ಕೊಟ್ಟರೆ ಸಿಗುವ ಮಾತ್ರೆಗಳು. ಜೊತೆಗೆ ಉಪ್ಪುನೀರು ಅಥವಾ ಔಷಧಿಯ ದ್ರಾವಣದಿಂದ ಬಾಯಿ ಶುಚಿ ಮಾಡುವುದು, ಪೌಷ್ಟಿಕ ಆಹಾರ ಕೊಡುವುದು. ಮೊದಲ ದಿನಗಳಲ್ಲೇ ಇವು ಸಿಕ್ಕರೆ ಮಗು ಮುಖದ ಮೇಲೆ ಕಲೆಯೂ ಇಲ್ಲದೆ ಗುಣವಾಗುತ್ತದೆ.

ತಡವಾದರೆ? ಜೀವ ಉಳಿದರೂ ಗಾಯ ಮಾಗುವಾಗ ಚರ್ಮ ಬಿಗಿದು ದವಡೆ ಕಚ್ಚಿಕೊಳ್ಳುತ್ತದೆ. ಬಾಯಿ ತೆರೆಯಲು ಬರುವುದಿಲ್ಲ. ಉಣ್ಣುವುದು, ಮಾತಾಡುವುದು ಎಲ್ಲ ಕಷ್ಟ. ಮುಖವನ್ನು ಮತ್ತೆ ಕಟ್ಟಲು ಪರಿಣತ ಸರ್ಜನ್‌ಗಳು ಹಲವು ಆಪರೇಷನ್ ಮಾಡಬೇಕು. ಸೊಕೊಟೊದಲ್ಲಿ 1999ರಲ್ಲಿ ಶುರುವಾದ ನೋಮಾ ಆಸ್ಪತ್ರೆಯಲ್ಲಿ ಇದು ಉಚಿತವಾಗಿ ನಡೆಯುತ್ತದೆ. 2014ರಿಂದ ‘ಗಡಿರಹಿತ ವೈದ್ಯರು’ ಸಂಸ್ಥೆ ಅದರ ಜೊತೆ ಕೈಜೋಡಿಸಿದೆ. ಆದರೆ ಅಲ್ಲಿಗೆ ತಲುಪುವವರು ಬದುಕುಳಿದ ಕೆಲವರು ಮಾತ್ರ.

ಒಮ್ಮೆ ಯುರೋಪಿನದೂ ಆಗಿತ್ತು

ಇದನ್ನು ಆಫ್ರಿಕಾದ ಕಾಯಿಲೆ ಅನ್ನೋರಿದ್ದಾರೆ. ಚರಿತ್ರೆ ಬೇರೆಯದೇ ಹೇಳುತ್ತದೆ. 16 ಮತ್ತು 17ನೇ ಶತಮಾನದ ಡಚ್ ವೈದ್ಯರು ತಮ್ಮೂರಿನ ಮಕ್ಕಳಲ್ಲೇ ಇದನ್ನು ಕಂಡು ಬರೆದಿಟ್ಟಿದ್ದಾರೆ. ಆಮೇಲೆ ಯುರೋಪಿನಲ್ಲಿ ಬಡವರ ತಟ್ಟೆಗೂ ಊಟ ಬಂತು, ಬದುಕು ಸುಧಾರಿಸಿತು, ನೋಮಾ ಮಾಯವಾಗುತ್ತಾ ಬಂತು. ಪೆನ್ಸಿಲಿನ್ ಜನರ ಕೈಗೆ ಸಿಗುವ ಮೊದಲೇ!

ಮತ್ತೆ ಅದು ಅಲ್ಲಿ ತಲೆಯೆತ್ತಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ನಾಜಿಗಳ ಆಶ್‌ವಿಟ್ಜ್, ಬೆರ್ಗನ್-ಬೆಲ್ಸನ್ ಶಿಬಿರಗಳಲ್ಲಿ ಹಸಿವಿನಲ್ಲಿ ಕೂಡಿಹಾಕಿದ ಕೈದಿಗಳ ಮುಖಗಳ ಮೇಲೆ. ಒಂದು ಖಂಡದಲ್ಲಿ ಊಟ ಬಂದಾಗ ಹೋದ ಕಾಯಿಲೆ ಊಟ ಕಿತ್ತುಕೊಂಡಾಗ ವಾಪಸ್ ಬಂತು. ಅದರ ಗುಟ್ಟು ಇಷ್ಟರಲ್ಲೇ ಇದೆ. ನೋಮಾಕ್ಕೆ ಇಂಥದ್ದೇ ಅನ್ನುವ ಒಂದು ರೋಗಾಣು ಇಲ್ಲ. ಬಾಯಲ್ಲಿರುವ ಬ್ಯಾಕ್ಟೀರಿಯಾಗಳೇ ಹಸಿದು ಸೊರಗಿದ ದೇಹದಲ್ಲಿ ವೈರಿಗಳಾಗುತ್ತವೆ. ದಡಾರ, ಮಲೇರಿಯಾ, ಎಚ್‌ಐವಿ ಅವಕ್ಕೆ ದಾರಿ ಮಾಡಿಕೊಡುತ್ತವೆ.

ಸೆನೆಗಲ್‌ನಿಂದ ಇಥಿಯೋಪಿಯಾವರೆಗಿನ ಪಟ್ಟಿಯಲ್ಲಿ ನೋಮಾ ಹೆಚ್ಚು, ನಿಜ. ಆದರೆ ಏಷ್ಯಾದಲ್ಲೂ ಇದೆ. ಭಾರತದ ವೈದ್ಯರೂ ಬಿಡಿಬಿಡಿ ಪ್ರಕರಣಗಳನ್ನು ವರದಿ ಮಾಡಿದ್ದಾರೆ.

ಪಟ್ಟಿಗೆ ಸೇರಿದ್ದು ಮೊನ್ನೆ ಮೊನ್ನೆ

ಆನೆಕಾಲು, ಕುಷ್ಠ, ಹಾವು ಕಡಿತ ಇವೆಲ್ಲ ವಿಶ್ವ ಆರೋಗ್ಯ ಸಂಸ್ಥೆಯ ‘ನಿರ್ಲಕ್ಷಿತ ಉಷ್ಣವಲಯ ರೋಗಗಳ’ ಪಟ್ಟಿಯಲ್ಲಿವೆ. ಆ ಪಟ್ಟಿಗೆ ಸೇರಿದರೆ ಸಂಶೋಧನೆಗೆ ಹಣ ಬರುವ ದಾರಿ ತೆರೆಯುತ್ತದೆ, ಸರ್ಕಾರಗಳು ಎಣಿಸಲು ಶುರುಮಾಡುತ್ತವೆ. ನೋಮಾ ಬಹುಕಾಲ ಅದರಿಂದಲೂ ಹೊರಗಿತ್ತು. ನಿರ್ಲಕ್ಷಿತರ ಪಟ್ಟಿಯಲ್ಲೂ ನಿರ್ಲಕ್ಷ್ಯ! ನೈಜೀರಿಯಾದ ನೇತೃತ್ವದಲ್ಲಿ 30ಕ್ಕೂ ಹೆಚ್ಚು ದೇಶಗಳು ಒತ್ತಾಯಿಸಿದ ಮೇಲೆ 2023ರ ಡಿಸೆಂಬರ್‌ನಲ್ಲಿ ಅದರ ಹೆಸರು ಸೇರಿತು.

ಆ ಒತ್ತಾಯಕ್ಕೆ ಮುಖ ಕೊಟ್ಟವರಲ್ಲಿ ನೋಮಾದಿಂದ ಬದುಕುಳಿದವರೇ ಇದ್ದರು. ನೈಜೀರಿಯಾದ ಮುಲಿಕಟ್ ಒಕನ್ಲಾವನ್ ಚಿಕ್ಕಂದಿನಲ್ಲಿ ಈ ಕಾಯಿಲೆಗೆ ತುತ್ತಾದವರು. ಸೊಕೊಟೊ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಅಲ್ಲಿಯೇ ಕೆಲಸಕ್ಕೆ ಸೇರಿದರು. ಬುರ್ಕಿನಾ ಫಾಸೋದಲ್ಲಿ ಹುಟ್ಟಿ ಸ್ವಿಟ್ಜರ್ಲೆಂಡಿನಲ್ಲಿ ಬೆಳೆದ ಫಿಡೆಲ್ ಸ್ಟ್ರಬ್ ಜೊತೆ ಸೇರಿ ಬದುಕುಳಿದವರದ್ದೇ ಒಂದು ಸಂಘ ಕಟ್ಟಿದರು. ಬಚ್ಚಿಡಬೇಕು ಅಂತ ಜಗತ್ತು ಹೇಳಿದ ಮುಖವನ್ನೇ ಕ್ಯಾಮೆರಾ ಮುಂದೆ ತಂದು, ‘ನಾವಿದ್ದೇವೆ, ಎಣಿಸಿ’ ಅನ್ನೋದಕ್ಕೆ ಎಷ್ಟು ಗಟ್ಟಿ ಎದೆ ಬೇಕು ಯೋಚಿಸಿ.

ಇದರಲ್ಲಿ ನಮ್ಮದೇನು ಪಾಲು ಅಂತ ಕೇಳಬಹುದು. ಅಂಥ ದೊಡ್ಡದೇನಿಲ್ಲ. ಇಂಥ ಫೋಟೋ ಫೋನಿನಲ್ಲಿ ಕಂಡಾಗ ‘ಅಯ್ಯೋ’ ಅಂತ ಸರಿಸಿಬಿಡದೆ ಆ ಕಣ್ಣುಗಳನ್ನು ಒಮ್ಮೆ ನೋಡೋಣ. ಸುತ್ತಮುತ್ತ ಯಾವುದಾದರೂ ಸೊರಗಿದ ಮಗುವಿನ ವಸಡಲ್ಲಿ ಹುಣ್ಣು, ರಕ್ತ, ಕೆಟ್ಟ ವಾಸನೆ ಕಂಡರೆ ಬಾಯಿಹುಣ್ಣು ತಾನೇ ಅಂತ ಸುಮ್ಮನಾಗದೆ ಡಾಕ್ಟರ ಹತ್ತಿರ ಕಳಿಸೋಣ. ನೂರಕ್ಕೆ ತೊಂಬತ್ತೊಂಬತ್ತು ಸಲ ಅದು ನೋಮಾ ಆಗಿರಲಿಕ್ಕಿಲ್ಲ. ಆದರೂ ಒಂದು ಹಸಿದ ಮಗುವಿನ ಬಾಯನ್ನು ಯಾರೋ ಒಬ್ಬರು ತೆರೆದು ನೋಡಿದಂತಾಗುತ್ತದೆ. ಈ ಕಾಯಿಲೆಯ ಮಟ್ಟಿಗೆ ಅದೇ ಅರ್ಧ ಚಿಕಿತ್ಸೆ.